ಓಝೋನ್ ಎಲ್ಲಿಗೆ ಹೋಗುತ್ತಿತ್ತು?

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುವುದು ನನ್ನ ಕೆಲಸ. ದಿನಕ್ಕೆ 1 ಲಕ್ಷ 20 ಸಾವಿರ ಲೀಟರ್ ಕೊಳಚೆ ನೀರು ಬರುತ್ತದೆ. ಶುದ್ಧವಾದ ನೀರು ಫ್ಲಷ್‌ಗೆ, ಗಿಡಗಳಿಗೆ. ಆ ನೀರಿನಲ್ಲಿ ಹಳದಿ ಬಣ್ಣ ಉಳಿಯುತ್ತಿತ್ತು, ವಾಸನೆ ಬೇರೆ. ತಮ್ಮ ಬಾತ್‌ರೂಮಿನಲ್ಲಿ ಅಂಥ ನೀರು ಯಾರಿಗೆ ಬೇಕು? ಕ್ಲೋರಿನ್ ಹಾಕಿದರೂ ಬಣ್ಣ ಬಿಡಲಿಲ್ಲ. ಕೊನೆಗೆ ಬಣ್ಣ, ವಾಸನೆ ತೆಗೆಯಲು ಗಂಟೆಗೆ 50 ಗ್ರಾಂ ಓಝೋನ್ ಅನಿಲ ಕೊಡುವ ಯಂತ್ರ ಹಾಕಿಸಿದೆವು.

ಓಝೋನನ್ನು ತಂದು ಇಟ್ಟುಕೊಳ್ಳಲು ಆಗುವುದಿಲ್ಲ, ಬೇಗ ಒಡೆದು ಮತ್ತೆ ಆಮ್ಲಜನಕವಾಗುತ್ತದೆ. ಅಲ್ಲೇ ತಯಾರಿಸಿ ಅಲ್ಲೇ ನೀರಿಗೆ ಬೆರೆಸಬೇಕು. ನಾವು ಮರಳಿನ ಫಿಲ್ಟರ್ ದಾಟಿದ ಮೇಲೆ ವೆಂಚುರಿಯಲ್ಲಿ (ನೀರಿನ ರಭಸಕ್ಕೆ ಅನಿಲವನ್ನು ಒಳಗೆಳೆಯುವ ಕಿರಿದಾದ ಕೊಳವೆ) ಸೇರಿಸುತ್ತೇವೆ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ದುಡ್ಡು ಸುಮ್ನೆ ಹೋಯಿತಲ್ಲ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಯಂತ್ರ ಸರಿಯಾಗಿತ್ತು. ಆಮೇಲೆ ಲೆಕ್ಕಕ್ಕೆ ಕೂತೆ. ಪಂಪ್ ಗಂಟೆಗೆ 12 ಸಾವಿರ ಲೀಟರ್ ಎತ್ತುತ್ತದೆ. ಅಂದರೆ ಲೀಟರಿಗೆ ಬೀಳುವುದು ಸುಮಾರು 4 ಮಿಲಿಗ್ರಾಂ ಓಝೋನ್. ಫಿಲ್ಟರಿನಿಂದ ಬಂದ ನೀರನ್ನು ಲ್ಯಾಬಿಗೆ ಕೊಟ್ಟಾಗ ನೈಟ್ರೈಟ್ ರೂಪದ ಸಾರಜನಕ ಲೀಟರಿಗೆ 2 ಮಿಲಿಗ್ರಾಂ ಎಂದು ಬಂತು. ಓಝೋನ್ ಈ ನೈಟ್ರೈಟ್ ಜೊತೆ ಬೇಗ ಸೇರಿ ಅದನ್ನು ನೈಟ್ರೇಟ್ ಮಾಡುತ್ತದೆ. ಆ ಸಾರಜನಕದ 1 ಮಿಲಿಗ್ರಾಂ ನೈಟ್ರೇಟ್ ಆಗಲು 3.4 ಮಿಲಿಗ್ರಾಂ ಓಝೋನ್ ಬೇಕು, 2 ಮಿಲಿಗ್ರಾಂಗೆ ಸುಮಾರು 7. ಬಣ್ಣಕ್ಕೆ ಉಳಿಯುವುದಾದರೂ ಎಲ್ಲಿಂದ?

ನೈಟ್ರೈಟ್ ಬಂದದ್ದು ನಮ್ಮದೇ ತಪ್ಪಿನಿಂದ. ಕರೆಂಟ್ ಉಳಿಸಲು ರಾತ್ರಿ 11ರಿಂದ 5ರವರೆಗೆ ಬ್ಲೋವರ್ (ಏರೇಷನ್ ಟ್ಯಾಂಕಿನ ಕೊಳಚೆ ನೀರಿಗೆ ಗಾಳಿ ಊದುವ ಯಂತ್ರ) ನಿಲ್ಲಿಸುತ್ತಿದ್ದೆವು. ಆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಕೊಳಚೆಯ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಗಾಳಿ ಸಾಲದೆ ಹೋದರೆ ಬ್ಯಾಕ್ಟೀರಿಯಾದ ಕೆಲಸ ನೈಟ್ರೈಟ್ ಹಂತದಲ್ಲೇ ಅರ್ಧಕ್ಕೆ ನಿಲ್ಲುತ್ತದೆ. ರಾತ್ರಿಯೂ ಬ್ಲೋವರ್ ಓಡಿಸಿ, ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಇಳಿಯದಂತೆ ನೋಡಿಕೊಂಡೆವು. ಮೂರು ವಾರ ಹಿಡಿಯಿತು. ಒಂದು ಬೆಳಿಗ್ಗೆ ಬಿಳಿ ಬಕೆಟ್ಟಿಗೆ ನೀರು ಹಿಡಿದೆ. ತಳ ಹಾಗೇ ಬೆಳ್ಳಗೆ ಕಂಡಿತು. ಪಂಪ್ ನೋಡುವ ಹುಡುಗನನ್ನು ಕೂಗಿ ಕರೆದು ತೋರಿಸಿದೆ.

ಈಗ ಪ್ರತಿ ಸೋಮವಾರ ನೈಟ್ರೈಟ್ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡುತ್ತೇನೆ. ಅದು ಏರಿದ್ದರೆ ಓಝೋನ್ ಜಾಸ್ತಿ ಮಾಡುವುದಿಲ್ಲ, ಮೊದಲು ಬ್ಲೋವರ್ ಹತ್ತಿರ ಹೋಗುತ್ತೇನೆ.

ಇನ್ನೊಂದು ಮಾತು. ಮಾಮೂಲಿ ರಬ್ಬರ್ ಗ್ಯಾಸ್ಕೆಟ್ ಹಾಕಬೇಡಿ. ನಮ್ಮದು ಬಿರುಕು ಬಿಟ್ಟು, ಕೋಣೆಯಲ್ಲಿ ಕಟು ವಾಸನೆ ತುಂಬಿ ನನಗೆ ಕೆಮ್ಮು ಹತ್ತಿತು. ಈಗ ಟೆಫ್ಲಾನ್ ಇದೆ. ಓಝೋನ್ ಗಾಳಿಗಿಂತ ಭಾರ, ಕೆಳಗೆ ಕೂರುತ್ತದೆ. ಅದಕ್ಕೇ ಎಕ್ಸಾಸ್ಟ್ ಫ್ಯಾನನ್ನು ನೆಲದ ಹತ್ತಿರ ಕೂರಿಸಿದ್ದೇವೆ. ವಾಸನೆ ಬಂದರೆ ಯಂತ್ರ ಆಫ್ ಮಾಡಿ ಎಲ್ಲರೂ ಹೊರಗೆ ಬರಬೇಕು.