ಗುಂಗುರು ಕೂದಲಿಗೆ ಒಣ ಕಟಿಂಗ್: ಹುಬ್ಬಳ್ಳಿಯಲ್ಲಿ ನಾನು ಮಾಡಿ ನೋಡಿದ್ದು

"ಅದು ಕೂದ್ಲಲ್ಲ, ತೆಂಗಿನ ನಾರು. ಮೊದ್ಲ ನೀರು ಹಾಕಿ ಮೆತ್ತಗ ಮಾಡು, ಆಮ್ಯಾಲೆ ಥಿನ್ನಿಂಗ್ ಕತ್ತರಿ ಆಡಸು, ಉಳಿದಿದ್ದಕ್ಕ ಸ್ಮೂದನಿಂಗ್ ಮಾಡಸ್ಕೋ ಅಂತ ಹೇಳು." ನಾನು ಕೆಲಸ ಕಲಿತ ಪಾರ್ಲರಿನ ಅಕ್ಕ, ಗುಂಗುರು ಕೂದಲಿನ ಹುಡುಗಿ ಬಾಗಿಲಲ್ಲಿ ಕಂಡ ಕೂಡಲೇ ನನ್ನ ಕಿವಿಯಲ್ಲಿ ಹೇಳುತ್ತಿದ್ದ ಮಾತಿದು. ಆರು ವರ್ಷ ನಾನೂ ಅದನ್ನೇ ನಂಬಿದ್ದೆ, ಗಿರಾಕಿಗಳಿಗೂ ಅದನ್ನೇ ಹೇಳಿದ್ದೆ. ಈಗ ನನ್ನ ಅಂಗಡಿಯಲ್ಲಿ ಕೂದಲಿನ ದಟ್ಟಣೆ ಇಳಿಸುವ ಆ ಹಲ್ಲಿನ ಥಿನ್ನಿಂಗ್ ಕತ್ತರಿಯೇ ಇಲ್ಲ. ಗುಂಗುರು ಕೂದಲನ್ನು ಒಣಗಿದ್ದಾಗಲೇ, ಸುರುಳಿ ಸುರುಳಿ ಬಿಡಿಸಿ ಕತ್ತರಿಸುತ್ತೇನೆ. ಧಾರವಾಡ, ಗದಗಿನಿಂದಲೂ ಬರುತ್ತಾರೆ. ಆಗುವುದಿಲ್ಲ ಅಂದವರು ಬಹಳ ಮಂದಿ ಇದ್ದರು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸ್ಮೂದನಿಂಗ್, ಅಂದರೆ ಕೆಮಿಕಲ್ ಹಚ್ಚಿ ಬಿಸಿ ಐರನ್ ಎಳೆದು ಕೂದಲನ್ನು ನೇರ ಮಾಡುವ ಕೆಲಸ, ಅದನ್ನು ಬಿಡುವುದು ನನಗೆ ಸುಲಭದ ಮಾತಾಗಿರಲಿಲ್ಲ. ತಿಂಗಳಿಗೆ ಐದಾರು ತಲೆ, ತಲೆಗೆ ನಾಲ್ಕರಿಂದ ಐದು ಸಾವಿರ. ಸಾಮಾನಿನ ಖರ್ಚು ಸಾವಿರದ ಇನ್ನೂರು ತೆಗೆದರೂ ಬಾಡಿಗೆ, ಕರೆಂಟು, ಹೆಲ್ಪರ್ ಹುಡುಗಿಯ ಸಂಬಳ ಅದರಲ್ಲೇ ಹೊರಡುತ್ತಿತ್ತು. ಆದರೆ ಐರನ್ ಎಳೆಯುವಾಗ ಏಳುವ ಹೊಗೆ ಈ ಕೆಲಸ ಮಾಡುವವರಿಗೆಲ್ಲ ಗೊತ್ತು. ಎಸಿ ಹಾಕಿ ಬಾಗಿಲು ಮುಚ್ಚಿದ ಹತ್ತಡಿ ಕೋಣೆಯಲ್ಲಿ ಮೂರು ಗಂಟೆ ಅದನ್ನೇ ಉಸಿರಾಡಬೇಕು. ಎರಡು ಮಳೆಗಾಲ ನನ್ನ ಕೆಮ್ಮು ಬಿಡಲೇ ಇಲ್ಲ, ಕಣ್ಣು ಕೆಂಡದ ಹಾಗಿರುತ್ತಿತ್ತು. "ಇದು ಕೂದಲಿಗೆ ಊಟ ಇದ್ದಂಗ, ಪ್ರೋಟೀನು" ಎಂದು ಸಾಮಾನು ತರುವವರು ಹೇಳಿಕೊಟ್ಟಿದ್ದರು, ನಾವೂ ಅದನ್ನೇ ಗಿರಾಕಿಗೆ ಒಪ್ಪಿಸುತ್ತಿದ್ದೆವು. ಕೂದಲು ಬುಡದಿಂದ ಹೊರಗೆ ಬಂದ ಮೇಲೆ ಅದರಲ್ಲಿ ಜೀವವಿಲ್ಲ. ಅದು ಉಣ್ಣುವುದೂ ಇಲ್ಲ, ಅರಗಿಸಿಕೊಳ್ಳುವುದೂ ಇಲ್ಲ. ಇಂಥ ಬಾಟಲಿಗಳಲ್ಲಿ ಎಷ್ಟೋ ಕಾಯಿಸಿದರೆ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುವಂಥವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು 2004ರಲ್ಲಿ. ನನಗೆ ಅದು ತಿಳಿದದ್ದು 2018ರಲ್ಲಿ, ಕೆಮ್ಮು ತೋರಿಸಲು ಹೋದಾಗ ಡಾಕ್ಟರಮ್ಮ ಬಾಟಲಿಯ ಫೋಟೋ ನೋಡಿ ಹೇಳಿದ ಮೇಲೆ. ಅಂದೇ ನಿಲ್ಲಿಸಲಿಲ್ಲ. ಸಾಲವಿತ್ತು, ಇನ್ನೊಂದು ನಾಲ್ಕು ತಿಂಗಳು ಮಾಡಿದೆ. ಆ ನಾಲ್ಕು ತಿಂಗಳ ಗಿರಾಕಿಗಳನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಒಣ ಕಟಿಂಗಿನ ಕಡೆ ನನ್ನನ್ನು ತಿರುಗಿಸಿದ್ದು ಒಂದು ತಪ್ಪು. ಎಂಜಿನಿಯರಿಂಗ್ ಓದುವ ಹುಡುಗಿ ಬಂದಿದ್ದಳು, ಸ್ಪ್ರಿಂಗಿನಂಥ ಬಿಗಿ ಸುರುಳಿ. ಕಲಿತ ಹಾಗೆ ನೀರು ಸಿಂಪಡಿಸಿ, ಬಾಚಿ, ಬೆರಳ ಸಂದಿಯಲ್ಲಿ ಬಿಗಿಯಾಗಿ ಎಳೆದು ಎರಡೇ ಇಂಚು ತೆಗೆದೆ. ಒಣಗುತ್ತಾ ಬಂದಂತೆ ಭುಜದ ಮೇಲಿದ್ದ ಕೂದಲು ಕಿವಿಯ ಹಾಲೆಗೆ ಏರಿತು, ಅದೂ ಎಡಗಡೆ ಬಲಗಡೆಗಿಂತ ಒಂದಿಂಚು ಮೇಲೆ. ಹುಡುಗಿ ಅತ್ತಳು. ದುಡ್ಡು ವಾಪಸ್ ಕೊಟ್ಟೆ, ಅದಿರಲಿ, ಅವಳ ತಾಯಿ ಬಾಗಿಲಲ್ಲಿ ನಿಂತು ಆಡಿದ ಮಾತು ಬೀದಿಗೆಲ್ಲ ಕೇಳಿತು. ಆ ರಾತ್ರಿ ಕಸದ ಬುಟ್ಟಿಯಿಂದ ಅವಳದೇ ಕೂದಲು ತೆಗೆದು ಟೇಪು ಹಿಡಿದೆ. ಒದ್ದೆ ಮಾಡಿ ಎಳೆದರೆ ಎರಡಿಂಚು, ಒಣಗಿದರೆ ಒಂದಿಂಚಿಗಿಂತ ಸ್ವಲ್ಪ ಮೇಲೆ. ಮುಂದಲೆಯ ಎಳೆಗಳು ಕಡಿಮೆ ಕುಗ್ಗಿದವು, ಕುತ್ತಿಗೆಯ ಹತ್ತಿರದವು ಹೆಚ್ಚು. ಒಂದೇ ತಲೆಯಲ್ಲಿ ಮೂರು ತರದ ಸುರುಳಿ! ಒದ್ದೆಯಲ್ಲಿ ಎಲ್ಲವೂ ಒಂದೇ ಸಮ ಕಾಣುವುದರಿಂದಲೇ ನಾವು ಮೋಸ ಹೋಗುವುದು.

ಹಾಗಂತ ಮರುದಿನವೇ ಒಣ ಕಟಿಂಗ್ ಕೈಗೆ ಹತ್ತಲಿಲ್ಲ. ಮೊದಲ ಸಲ ಒಣ ಕೂದಲನ್ನು ಬಾಚಿಕೊಂಡು ಕತ್ತರಿಸಿದೆ, ಸುರುಳಿಯೆಲ್ಲ ಒಡೆದು ಹತ್ತಿಯ ಹಾಗಾಯಿತು, ಎಲ್ಲಿ ಕತ್ತರಿಸುತ್ತಿದ್ದೇನೆ ಅನ್ನುವುದೇ ಕಾಣಲಿಲ್ಲ. ಎರಡನೆಯದು ಎಣ್ಣೆಯ ತೊಂದರೆ. ನಮ್ಮ ಕಡೆ ಹೆಣ್ಣುಮಕ್ಕಳು ಪಾರ್ಲರಿಗೆ ಬರುವುದೇ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು, ಹಾಗೆ ಬಂದರೆ ಕೂದಲಿನ ನಿಜವಾದ ಆಕಾರ ಗೊತ್ತಾಗುವುದಿಲ್ಲ. ತೊಳೆದು ಒಣಗಿಸಿ ಕತ್ತರಿಸಲು ಎರಡೂವರೆ ಗಂಟೆ ಹೋಗುತ್ತಿತ್ತು. ನೂರೈವತ್ತು ರೂಪಾಯಿಯ ಯು ಕಟ್ ದರದಲ್ಲಿ ಅದು ಗಿಟ್ಟುವುದು ಹೇಗೆ? ಮೂರನೆಯದು ಕತ್ತರಿ. ಒಣ ಕೂದಲಿಗೆ ಮೊಂಡು ಕತ್ತರಿ ಹಾಕಿದರೆ ತುದಿ ಜಗಿದ ಹಾಗಾಗುತ್ತದೆ, ಎರಡು ವಾರದಲ್ಲಿ ಸೀಳುತ್ತದೆ. ಆರೂವರೆ ಸಾವಿರ ಕೊಟ್ಟು ಐದೂವರೆ ಇಂಚಿನ ಜಪಾನಿ ಉಕ್ಕಿನದು ತರಿಸಿದೆ. ಅದನ್ನು ಬೀದಿಯ ಸಾಣೆಗೆ ಕೊಟ್ಟು ಕೆಡಿಸಿಕೊಂಡೆ. ಉಬ್ಬು ಅಲಗನ್ನು ಚಕ್ರಕ್ಕೆ ಹಿಡಿದರೆ ಮುಗಿಯಿತು, ನೀವು ಆ ತಪ್ಪು ಮಾಡಬೇಡಿ. ಎರಡನೆಯ ಕತ್ತರಿಯನ್ನು ವರ್ಷಕ್ಕೊಮ್ಮೆ ಬೆಂಗಳೂರಿಗೆ ಕಳಿಸುತ್ತೇನೆ, ಈವರೆಗೆ ಚೆನ್ನಾಗಿದೆ.

ಸ್ಮೂದನಿಂಗ್ ಬಿಟ್ಟ ಮೇಲಿನ ಆರೇಳು ತಿಂಗಳು ನನ್ನ ಗಳಿಕೆ ಮೂವತ್ತೆಂಟು, ನಲವತ್ತು ಸಾವಿರದಿಂದ ಇಪ್ಪತ್ತೆರಡಕ್ಕೆ ಇಳಿಯಿತು. ಬಾಡಿಗೆಯೇ ಒಂಬತ್ತು. ಹೆಲ್ಪರ್ ಹುಡುಗಿಯನ್ನು ಬಿಡಿಸಬೇಕಾಯಿತು. ಅಕ್ಕ ಫೋನ್ ಮಾಡಿ, "ತಲಿ ಕೆಟ್ಟದೇನ ನಿಂಗ? ಗಿರಾಕಿ ಕೇಳಿದ್ದು ಕೊಡ್ಬೇಕು, ಪಾಠ ಹೇಳಬಾರ್ದು" ಅಂದಳು. ತಪ್ಪು ಮಾತೇನಲ್ಲ, ನೇರ ಕೂದಲು ಬೇಕು ಅನ್ನುವವರಿಗೆ ಬ್ಲೋ ಡ್ರೈ ಇವತ್ತಿಗೂ ಮಾಡಿಕೊಡುತ್ತೇನೆ.

ಈಗ ಮಾಡುವ ಕ್ರಮ ಹೀಗಿದೆ. ಫೋನಿನಲ್ಲೇ ಹೇಳುತ್ತೇನೆ: ಹಿಂದಿನ ದಿನ ತಲೆ ತೊಳೆದು, ಎಣ್ಣೆ ಹಚ್ಚದೆ, ಜಡೆ ಹಾಕದೆ, ಬಾಚದೆ ಬನ್ನಿ. ಬಸ್ಸಿನಲ್ಲಿ ಬಿಟ್ಟ ಕೂದಲಲ್ಲಿ ಹೇಗೆ ಬರಲಿ ಅನ್ನುವವರಿಗೆ ತೆಳು ಹತ್ತಿಯ ವೇಲ್ ಸಡಿಲವಾಗಿ ಸುತ್ತಿಕೊಳ್ಳಿ ಅನ್ನುತ್ತೇನೆ. ಕುರ್ಚಿಯಲ್ಲಿ ಕೂರಿಸಿ ಹತ್ತು ನಿಮಿಷ ಬರೀ ನೋಡುತ್ತೇನೆ, ಮುಟ್ಟುವುದಿಲ್ಲ. ತಲೆ ಅಲ್ಲಾಡಿಸಲು, ಆಕಡೆ ಈಕಡೆ ತಿರುಗಿಸಲು ಹೇಳುತ್ತೇನೆ. ಆಮೇಲೆ ಒಂದೊಂದು ಸುರುಳಿಯನ್ನು ಎಳೆಯದೆ ಹಿಡಿದು, ಬಾಗುವ ಜಾಗದಲ್ಲಿ ಅಡ್ಡಕ್ಕೆ ಕತ್ತರಿಸುವುದು. ಒಂದು ಸಲಕ್ಕೆ ಅರ್ಧ ಇಂಚಿಗಿಂತ ಹೆಚ್ಚು ತೆಗೆಯುವುದಿಲ್ಲ. ಎಲ್ಲಿಂದ ಶುರು ಮಾಡುತ್ತೇನೆ, ನಡುನೆತ್ತಿಯ ಭಾರವನ್ನು ಥಿನ್ನಿಂಗ್ ಇಲ್ಲದೆ ಹೇಗೆ ಇಳಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಕೊಟ್ಟಿದ್ದೇನೆ, ಕಲಿಯಲು ಬರುವವರಿಗೆ ಕೈ ಹಿಡಿದು ತೋರಿಸುತ್ತೇನೆ. ಥಿನ್ನಿಂಗ್ ಯಾಕೆ ಬೇಡ ಅಂತ ಮಾತ್ರ ಹೇಳುತ್ತೇನೆ: ಒಳಗೆ ತುಂಡಾದ ಎಳೆಗಳು ತಿಂಗಳೊಪ್ಪತ್ತಿನಲ್ಲಿ ಮೇಲಿನ ಸುರುಳಿಗಳನ್ನು ತಳ್ಳಿಕೊಂಡು ಏಳುತ್ತವೆ. ವಾಲ್ಯೂಮ್ ಕಡಿಮೆ ಮಾಡಲು ಹೋಗಿ ಪೊದೆ ಮಾಡಿರುತ್ತೇವೆ.

ಶುರುವಿಗೆ ನಾನೂರು ರೂಪಾಯಿ ಇಟ್ಟೆ, ಯಾರೂ ಬರಲಿಲ್ಲ. ಮೊದಲ ಹತ್ತು ತಲೆ ಪುಕ್ಕಟೆ ಮಾಡಿದೆ, ಫೋಟೋ ಕೊಡಬೇಕು ಅನ್ನುವ ಒಂದೇ ಷರತ್ತಿನ ಮೇಲೆ. ಹದಿನಾಲ್ಕೋ ಹದಿನೈದೋ ತಿಂಗಳಾದ ಮೇಲೆ ಫೋನು ನಿಲ್ಲದಾಯಿತು. ಈಗ ಸಾವಿರದ ಇನ್ನೂರು, ತಿಂಗಳಿಗೆ ಮೂವತ್ತೈದು ತಲೆಯಾದರೂ ಆಗುತ್ತದೆ. ಸ್ಮೂದನಿಂಗ್ ಕಾಲಕ್ಕಿಂತ ಲಾಭ ಹೆಚ್ಚು, ಯಾಕೆಂದರೆ ಸಾಮಾನಿನ ಖರ್ಚು ತಲೆಗೆ ನಲವತ್ತು ರೂಪಾಯಿ ದಾಟುವುದಿಲ್ಲ. ಹುಬ್ಬಳ್ಳಿಯಲ್ಲಿ ಈ ಕೆಲಸ ನನ್ನಷ್ಟು ಚೊಕ್ಕವಾಗಿ ಮಾಡುವವರನ್ನು ನಾನಿನ್ನೂ ನೋಡಿಲ್ಲ, ಇದನ್ನು ಧೈರ್ಯವಾಗಿಯೇ ಹೇಳುತ್ತೇನೆ.

ಕಟಿಂಗ್ ಸರಿಹೋದರೂ ಕೆಲವರ ಕೂದಲು ಮಾತ್ರ ಬಿರುಸಾಗಿಯೇ ಇರುತ್ತಿತ್ತು. ಆಗ ನೀರಿನ ಹಿಂದೆ ಬಿದ್ದೆ. ನಮ್ಮಲ್ಲಿ ಮಲಪ್ರಭೆಯ ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ, ಉಳಿದ ದಿನ ಬೋರಿನದು. ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ತಂದು ಅದ್ದಿದೆ. ನನ್ನ ಅಂಗಡಿಯ ಬೋರು ಸಾವಿರದ ನಾನೂರರ ಆಸುಪಾಸು, ನಲ್ಲಿ ನೀರು ಇನ್ನೂರರ ಒಳಗೆ. ಮೀಟರ್ ಸೋಪಿನ ನೊರೆ ಕೆಡಿಸುವ ಗಡಸುತನವನ್ನಷ್ಟೇ ಅಳೆಯುವುದಿಲ್ಲ, ಕರಗಿದ್ದನ್ನೆಲ್ಲ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಎರಡು ಬಾಟಲಿಯಲ್ಲಿ ಸೋಪು ಅಲ್ಲಾಡಿಸಿಯೂ ನೋಡಿದೆ. ನಲ್ಲಿ ನೀರಿನಲ್ಲಿ ನೊರೆ, ಬೋರಿನದರಲ್ಲಿ ಮೊಸರು ಒಡೆದ ಹಾಗೆ ಬಿಳಿ ಗಸಿ. ಒಬ್ಬರೇ ಗಿರಾಕಿಯ ಕತ್ತರಿಸಿದ ಕೂದಲನ್ನು ಮೂರು ಕಟ್ಟು ಮಾಡಿ ಇಪ್ಪತ್ತು ಸಲ ತೊಳೆದೆ: ಒಂದು ಬೋರ್ ನೀರು, ಒಂದು ನಲ್ಲಿ ನೀರು, ಒಂದು ಬೋರ್ ನೀರಿನಲ್ಲಿ ತೊಳೆದು ಕೊನೆಗೆ ಒಂದು ಮಗ್ಗು ನಲ್ಲಿ ನೀರಿಗೆ ಒಂದು ಚಮಚ ವಿನೆಗರ್ ಹಾಕಿದ್ದು. ಬೋರಿನ ಕಟ್ಟು ಮಂಕಾಗಿ ಕಡ್ಡಿಯಂತಾಯಿತು. ವಿನೆಗರಿನದು ನಲ್ಲಿ ನೀರಿನದಕ್ಕೆ ಹತ್ತಿರ ಬಂತು, ಪೂರ್ತಿ ಅಲ್ಲ. ಇದಕ್ಕೂ ಮುಂಚೆ ಇಂಥ ಕೂದಲು ನೋಡಿ ನಾನೇ "ಎಣ್ಣೆ ಸಾಲ್ತಿಲ್ಲ, ಇನ್ನೂ ಹಚ್ರಿ" ಎಂದು ಕಳಿಸುತ್ತಿದ್ದೆ. ಹೊಟ್ಟಿಗೂ ಅದೇ ಉತ್ತರ ಕೊಡುತ್ತಿದ್ದೆ. ಹೊಟ್ಟು ಮಾಡುವ ಶಿಲೀಂಧ್ರಕ್ಕೆ ನೆತ್ತಿಯ ಜಿಡ್ಡೇ ಆಹಾರ ಎಂದು ತಿಳಿದ ಮೇಲೆ ಆ ಸಲಹೆ ಬಿಟ್ಟೆ, ಹೆಚ್ಚಿದ್ದರೆ ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ.

ಮುಂದಿನದು ಜೆಲ್. ಹೊರಗಿಂದ ತರಿಸಿದರೆ ಚಿಕ್ಕ ಡಬ್ಬಿಗೆ ಆರುನೂರು, ಏಳುನೂರು. ನಮ್ಮ ಮನೆಯ ಅಗಸಿ ಚಟ್ನಿಯ ಡಬ್ಬಿ ಎದುರಿಗೇ ಇತ್ತು. ಅಗಸೆ ಬೀಜ ಕುದಿಸಿದರೆ ಲೋಳೆ ಬಿಡುತ್ತದೆಂದು ಯಾರಿಗೆ ಗೊತ್ತಿಲ್ಲ? ಐವತ್ತು ಗ್ರಾಂ ಬೀಜ, ಅರ್ಧ ಲೀಟರ್ ನೀರು, ಕೈಯಾಡಿಸುತ್ತಾ ಎಂಟು, ಹತ್ತು ನಿಮಿಷ. ಮೊದಲ ಸಲ ಆರಲು ಬಿಟ್ಟು ಸೋಸಲು ಹೋದೆ, ಬಟ್ಟೆಯಿಂದ ಒಂದು ಹನಿ ಇಳಿಯಲಿಲ್ಲ, ಪಾತ್ರೆಯೊಂದಿಗೆ ಎಸೆದೆ. ಮೊಟ್ಟೆಯ ಬಿಳಿಯಷ್ಟು ಎಳೆ ಬರುವಾಗಲೇ, ಬಿಸಿಯಲ್ಲೇ ಸೋಸಬೇಕು, ಹಳೆಯ ನೈಲಾನ್ ಕಾಲುಚೀಲ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು, ಹೊರಗಿಟ್ಟರೆ ಬೇಸಿಗೆಯಲ್ಲಿ ಎರಡನೇ ದಿನವೇ ವಾಸನೆ. ಒದ್ದೆ ಕೂದಲಿಗೆ ಹಚ್ಚಿ ಹಿಂಡಿ, ಡ್ರೈಯರಿನ ಗಾಳಿ ಹರಡುವ ಡಿಫ್ಯೂಸರ್ ಮೂತಿ ಹಿಡಿದರೆ ಸುರುಳಿ ಸಂಜೆವರೆಗೂ ನಿಲ್ಲುತ್ತದೆ. ನಾನು ಕೊನೆಗೆ ಸೇರಿಸುವ ಇನ್ನೊಂದು ವಸ್ತು ಅಡುಗೆಮನೆಯದೇ, ಅದು ನನ್ನಲ್ಲೇ ಇರಲಿ. ದಾಸವಾಳದ ಎಲೆಯ ಲೋಳೆಯನ್ನೂ ಪ್ರಯತ್ನಿಸಿದೆ: ಕೂದಲು ಮೆತ್ತಗಾಯಿತು, ಹಿಡಿತ ಬರಲಿಲ್ಲ, ಒಣಗಿದ ಮೇಲೆ ಹಸಿರು ಪುಡಿ ಉದುರಿ ಬಿಳಿ ಕುಪ್ಪಸದ ಗಿರಾಕಿ ಬೇಸರಪಟ್ಟರು.

ಒಂದು ನಂಬಿಕೆ ಮುರಿದ ಮೇಲೆ ಉಳಿದವನ್ನೂ ಪರೀಕ್ಷಿಸುವ ಹುಚ್ಚು ಹತ್ತಿತು. ಹುಣ್ಣಿಮೆಗೆ ತುದಿ ತೆಗೆದರೆ ಬೇಗ ಬೆಳೆಯುತ್ತದೆ ಎಂದು ಅಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತಿದ್ದಳು. ಬೆಳವಣಿಗೆ ಅಳೆಯಲು ನಮಗಿಂತ ಅನುಕೂಲ ಯಾರಿಗಿದೆ? ಬಣ್ಣ ಹಚ್ಚಿಸಿಕೊಳ್ಳುವವರ ಬುಡದಲ್ಲಿ ಬಿಳಿ ಗೆರೆ ತಾನೇ ಲೆಕ್ಕ ಹೇಳುತ್ತದೆ. ಇಪ್ಪತ್ತು ಗಿರಾಕಿಗಳ ಗೆರೆಯನ್ನು ಸುಮಾರು ಎಂಟು ತಿಂಗಳು ಸ್ಕೇಲಿನಲ್ಲಿ ಅಳೆದು ಬರೆದೆ. ಟ್ರಿಮ್ ಮಾಡಿಸಿದವರು, ಮಾಡಿಸದವರು, ಹುಣ್ಣಿಮೆಯವರು, ಅಮಾವಾಸ್ಯೆಯವರು, ಎಲ್ಲರದೂ ತಿಂಗಳಿಗೆ ಒಂದು ಸೆಂಟಿಮೀಟರಿನ ಹಿಂದೆಮುಂದೆ. ತುದಿ ತೆಗೆದರೆ ಸೀಳು ಮೇಲೇರುವುದು ತಪ್ಪುತ್ತದೆ, ಉದ್ದ ಉಳಿಯುತ್ತದೆ, ಅಷ್ಟೇ. ಬುಡಕ್ಕೆ ತುದಿಯ ಸುದ್ದಿ ಮುಟ್ಟುವುದಿಲ್ಲ.

ಬೋಳಿಸಿದರೆ ದಟ್ಟ ಬರುತ್ತದೆ ಅನ್ನುವುದನ್ನು ನನ್ನ ತಮ್ಮ ನೋಡಿಕೊಟ್ಟ, ಅವನದು ಗಂಡಸರ ಸಲೂನು. ಬಲಗಾಲಿನ ಒಂದು ಅಂಗೈಯಗಲ ಜಾಗವನ್ನು ನಾಲ್ಕು ತಿಂಗಳು ವಾರಕ್ಕೆರಡು ಸಲ ಬೋಳಿಸಿದ, ಎಡಗಾಲನ್ನು ಮುಟ್ಟಲಿಲ್ಲ. ಶುರುವಿನಲ್ಲಿ ಚುಚ್ಚುತ್ತಿತ್ತು, ಯಾಕೆಂದರೆ ಬ್ಲೇಡು ಚೂಪು ತುದಿಯನ್ನು ಮೊಂಡು ಮಾಡಿರುತ್ತದೆ. ಬಿಟ್ಟು ಮೂರ್ನಾಲ್ಕು ತಿಂಗಳಾದ ಮೇಲೆ ಎರಡು ಕಾಲಿಗೂ ವ್ಯತ್ಯಾಸವಿರಲಿಲ್ಲ. ಅಮೆರಿಕದಲ್ಲಿ ಮಿಲ್ಡ್ರೆಡ್ ಟ್ರಾಟರ್ ಎಂಬ ಶರೀರರಚನಾ ತಜ್ಞೆ 1928ರಲ್ಲೇ ಗಂಡಸರ ಮುಖದ ಮೇಲೆ ಇದನ್ನು ಪರೀಕ್ಷಿಸಿ ಇದೇ ಉತ್ತರ ಪಡೆದಿದ್ದರೆಂದು ಆಮೇಲೆ ತಿಳಿಯಿತು. ಜಾವಳ ತೆಗೆಸುವುದು ಮನೆಯ ಪದ್ಧತಿ, ಅದನ್ನು ನಾನು ಬೇಡ ಅನ್ನುವುದಿಲ್ಲ. ಆದರೆ ಹೆರಿಗೆಯಾಗಿ ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಿ ಗಾಬರಿಯಾದ ತಾಯಂದಿರಿಗೆ "ಬೋಳಿಸ್ಕೋರಿ, ದಪ್ಪ ಬರ್ತದ" ಎಂದು ನಮ್ಮವರೇ ಹೇಳುತ್ತಾರಲ್ಲ, ಅದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಗೆ ಬೋಳಿಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡು ಬಂದವರೊಬ್ಬರನ್ನು ತಡೆದು ಕೂರಿಸಿ ಚಹಾ ಕೊಟ್ಟೆ. ಹೆರಿಗೆಯ ನಂತರದ ಉದುರುವಿಕೆ ಬಹಳಷ್ಟು ಮಂದಿಗೆ ತಾನಾಗಿ ನಿಲ್ಲುತ್ತದೆ, ರಕ್ತ ಮತ್ತು ಥೈರಾಯ್ಡ್ ಒಮ್ಮೆ ನೋಡಿಸಿ ಅಂದೆ. ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಬಂದರು, ಹಣೆಯಂಚಿನಲ್ಲಿ ಎರಡು ಮೂರಿಂಚಿನ ಹೊಸ ಕೂದಲು ಎದ್ದು ನಿಂತಿತ್ತು. ಅದನ್ನು ಮುಟ್ಟಿ ಮುಟ್ಟಿ ತೋರಿಸಿದರು.

ಕಪ್ಪು ಮೆಹೆಂದಿಯ ವಿಷಯ ಒಂದೇ ಮಾತು. "ಮೆಹೆಂದಿ, ಕೆಮಿಕಲ್ ಇಲ್ಲ" ಎಂದು ಹಚ್ಚಬೇಡಿ. ಬರೀ ಮದರಂಗಿ ಕೂದಲನ್ನು ಕೆಂಪು ಮಾಡುತ್ತದೆ, ಕಪ್ಪು ಮಾಡುವುದಿಲ್ಲ. ಎಷ್ಟೋ ಕಪ್ಪು ಮೆಹೆಂದಿ ಪೊಟ್ಟಣಗಳಲ್ಲಿ ಕಪ್ಪು ಬರಿಸುವುದು ಪಿಪಿಡಿ ಎಂಬ ಕೆಮಿಕಲ್ ಬಣ್ಣ, ಕೆಲವರಿಗೆ ಅದು ಅಲರ್ಜಿ. ನನ್ನ ಕುರ್ಚಿಯಲ್ಲೇ ಒಬ್ಬರ ಕಣ್ಣು ಮುಚ್ಚಿಹೋಗುವಷ್ಟು ಮುಖ ಬಾತಿತ್ತು, ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಅಂದಿನಿಂದ 48 ಗಂಟೆ ಮುಂಚೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡುವ ಪ್ಯಾಚ್ ಟೆಸ್ಟ್ ಮಾಡದೆ ಯಾವ ಬಣ್ಣವನ್ನೂ ಮುಟ್ಟುವುದಿಲ್ಲ, ಗಿರಾಕಿ ಸಿಟ್ಟಾಗಿ ಹೋದರೂ ಸರಿ.

ಹೋದ ವರ್ಷ ಅಕ್ಕ ತನ್ನ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಎಂಟು ವರ್ಷದ ಮಗು, ತಲೆ ತುಂಬ ಸುರುಳಿ. ಏನೂ ಹೇಳಲಿಲ್ಲ, ಮುಕ್ಕಾಲು ಗಂಟೆ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದಳು. ಹೋಗುವಾಗ ಅಗಸಿ ಜೆಲ್ ಒಂದು ಬಾಟಲಿ ಕೇಳಿದಳು, ಕೊಟ್ಟೆ. ಕೊನೆಗೆ ಏನು ಸೇರಿಸುತ್ತೀ ಎಂದೂ ಕೇಳಿದಳು, ಅದನ್ನು ಅವಳಿಗೊಬ್ಬಳಿಗೆ ಹೇಳಿದ್ದೇನೆ.

ಮಳೆಗಾಲದ ತೊಡಕು ಇನ್ನೂ ಬಿಡಿಸಿಲ್ಲ. ಜುಲೈ ತೇವದಲ್ಲಿ ಜೆಲ್ ಹಿಡಿತ ಮಧ್ಯಾಹ್ನಕ್ಕೇ ಸಡಿಲಾಗುತ್ತದೆ. ಮೆತ್ತಗಿರಲಿ ಎಂದು ಹಾಕುತ್ತಿದ್ದ ಗ್ಲಿಸರಿನ್ ಗಾಳಿಯ ನೀರು ಎಳೆದುಕೊಂಡು ಕೂದಲನ್ನು ಉಬ್ಬಿಸುತ್ತದೆ. ಹಾಗಾಗಿ ಈ ಸಲ ಮೂರು ಬಾಟಲಿ ಮಾಡಿಟ್ಟಿದ್ದೇನೆ: ಗ್ಲಿಸರಿನ್ ಇಲ್ಲದ್ದು, ಅರ್ಧ ಚಮಚದ್ದು, ಬೀಜ ಒಂದೂವರೆ ಪಟ್ಟು ಹಾಕಿ ಗಟ್ಟಿ ಮಾಡಿದ್ದು. ಮೇಲೆ ನಂಬರ್ ಚೀಟಿ ಅಂಟಿಸಿದೆ. ಸೋಮವಾರ ಗದಗಿನ ಅಕ್ಕತಂಗಿಯರು ಮೂವರು ಬರುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು.