ಎರೆನೆಲದ ಮನೆಗೆ ಮುಂಗಾರಿಗೆ ಮುನ್ನವೇ ಕಾವಲು

ರಾಯಚೂರು ಜಿಲ್ಲೆಯ ಎರೆನೆಲದಲ್ಲಿ ಕಟ್ಟಿದ ಮನೆಗಳಿಗೆ ಹುಳು, ಇಲಿಗಳ ಕಾಟ ಹೆಚ್ಚಲು ಮಣ್ಣಿನ ಗುಣವೂ ಒಂದು ಕಾರಣ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುವ ಈ ಕಪ್ಪು ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ; ಅದರೊಂದಿಗೆ ತಳಪಾಯವೂ ತುಸು ಅಲುಗುವುದರಿಂದ ಗೋಡೆ ಮತ್ತು ನೆಲ ಕೂಡುವಲ್ಲಿ, ಬಾಗಿಲ ಚೌಕಟ್ಟಿನ ಬುಡದಲ್ಲಿ, ಬಚ್ಚಲಿನ ಕೊಳವೆಯ ಸುತ್ತ ಬಿರುಕುಗಳು ಮೂಡುತ್ತವೆ. ಔಷಧ ಸಿಂಪಡಿಸುವ ಯೋಚನೆಗೆ ಮೊದಲು ಈ ಬಿರುಕುಗಳನ್ನು ಮುಚ್ಚಬೇಕು. ಇದಕ್ಕೆ ಮೇ ತಿಂಗಳೇ ಸರಿಯಾದ ಕಾಲ, ಏಕೆಂದರೆ ಆಗ ಅವು ಅತಿ ಅಗಲವಾಗಿ ಕಣ್ಣಿಗೆ ಬೀಳುತ್ತವೆ. ಗಟ್ಟಿ ಸಿಮೆಂಟಿನಿಂದ ಮುಚ್ಚಿದ ಬಿರುಕು ಮರುವರ್ಷ ಅಲ್ಲಿಯೇ ತೆರೆದುಕೊಳ್ಳುತ್ತದೆ. ಒಳಗಿನ ಸಣ್ಣ ಸಂದುಗಳಿಗೆ ಬಾಗುವ ಗುಣವುಳ್ಳ ಸಿಲಿಕೋನ್ ಅಂಟನ್ನೂ ಹೊರಗಿನ ಕಟ್ಟೆ ಗೋಡೆಗೆ ಕೂಡುವ ಸಂದಿಗೆ ಡಾಂಬರನ್ನೂ ತುಂಬುವುದು ಮೇಲು. ಗೋಡೆಯ ಸುತ್ತ ನೀರು ನಿಲ್ಲದಂತೆ ಇಳಿಜಾರು ಮಾಡಿದರೆ ಬಿರುಕೂ ಕಡಿಮೆಯಾಗುತ್ತದೆ, ಗೆದ್ದಲಿಗೆ ಬೇಕಾದ ತೇವವೂ ಸಿಗುವುದಿಲ್ಲ.

ಗೆದ್ದಲಿನ ಗೂಡು ನೆಲದೊಳಗೆ ಇರುತ್ತದೆ. ಗೋಡೆಯ ಮೇಲೆ ಕಾಣುವ ಮಣ್ಣಿನ ಗೆರೆ ಅದು ತೇವ ಕಳೆದುಕೊಳ್ಳದೆ ಮರದವರೆಗೆ ಏರಲು ಕಟ್ಟಿಕೊಂಡ ದಾರಿ ಮಾತ್ರ. ಆ ಗೆರೆಯನ್ನು ಕೆರೆದು ಸೀಮೆಎಣ್ಣೆ ಸುರಿದರೆ ಅಲ್ಲಿದ್ದಷ್ಟೇ ಸಾಯುತ್ತವೆ, ಗೂಡು ಹಾಗೆಯೇ ಉಳಿಯುತ್ತದೆ. ಒಂದು ತುಂಡು ಗೆರೆಯನ್ನು ಒಡೆದು ಎರಡು ದಿನ ಬಿಟ್ಟು ನೋಡಿ. ಅದು ಮತ್ತೆ ಕಟ್ಟಿಕೊಂಡಿದ್ದರೆ ಗೂಡು ಜೀವಂತವಾಗಿದೆ ಎಂದರ್ಥ. ಮೊದಲ ಮಳೆಯ ಸಂಜೆ ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತುವುದು ಸಹಜವಾದರೂ, ಮುಚ್ಚಿದ ಕೋಣೆಯ ಒಳಗಡೆ ಉದುರಿದ ರೆಕ್ಕೆಗಳ ರಾಶಿ ಕಂಡರೆ ಅವು ಮನೆಯೊಳಗಿಂದಲೇ ಎದ್ದಿರುವ ಸಾಧ್ಯತೆ ಹೆಚ್ಚು. ಅಂಥ ಮನೆಯಲ್ಲಿ ಗೋಡೆಯ ಬುಡದುದ್ದಕ್ಕೂ ಸುಮಾರು ಒಂದಡಿಗೊಂದು ರಂಧ್ರ ಕೊರೆದು ನೆಲದೊಳಕ್ಕೆ ಔಷಧ ಇಳಿಸಬೇಕಾಗುತ್ತದೆ. ಈ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಿ, ಅಂಗಳದಲ್ಲಿ ಬಾವಿ ಅಥವಾ ಕೊಳವೆಬಾವಿ ಇದ್ದರೆ ಅವರಿಗೆ ಮೊದಲೇ ತಿಳಿಸಿ.

ವರ್ಷದ ಜೋಳ, ಅಕ್ಕಿ, ಬೇಳೆಗಳನ್ನು ಒಮ್ಮೆಗೇ ತುಂಬಿಡುವ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ನಷ್ಟವಾಗುವುದು ನುಸಿಯಿಂದ. ಚೂಪು ಮೂತಿಯ ಕಂದು ಹುಳು ಕಾಳನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಮರಿ ಬೆಳೆಯುವುದೂ ಕಾಳಿನೊಳಗೇ ಆದ್ದರಿಂದ ಜರಡಿ ಹಿಡಿದರೆ ಹೊರಗಿನ ಹುಳುಗಳು ಮಾತ್ರ ಹೋಗುತ್ತವೆ, ತಿಂಗಳೊಪ್ಪತ್ತಿನಲ್ಲಿ ಹೊಸ ಹುಳುಗಳು ಏಳುತ್ತವೆ. ಇದಕ್ಕೆ ನಮ್ಮಲ್ಲಿ ಪುಕ್ಕಟೆಯಾಗಿ ಸಿಗುವ ಮದ್ದು ಬಿಸಿಲು. ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಮಾಳಿಗೆಯ ಮೇಲೆ ಕಾಳನ್ನು ತೆಳ್ಳಗೆ ಹರವಿ, ನಡುನಡುವೆ ಕೈಯಾಡಿಸುತ್ತ ಎರಡು ಮೂರು ದಿನ ಒಣಗಿಸಿದರೆ ತೇವವೂ ಇಂಗುತ್ತದೆ, ಒಳಗಿನ ಹುಳುಗಳೂ ಬಹುಮಟ್ಟಿಗೆ ಸಾಯುತ್ತವೆ. ಹಲ್ಲಿನಲ್ಲಿ ಕಚ್ಚಿದಾಗ ಜೋಳ ಮೆತ್ತಗಾಗದೆ ಕಟಕ್ಕನೆ ಒಡೆಯಬೇಕು. ಬಿಸಿ ಆರುವ ಮುನ್ನ ಡಬ್ಬಕ್ಕೆ ತುಂಬಿದರೆ ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯಬಾರದು. ಖಾಲಿ ಗೋಣಿಚೀಲಗಳನ್ನು ತಿರುವಿ ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಯೇ ಬಳಸಬೇಕು. ಹೆಸರು, ತೊಗರಿಯಂಥ ಇಡಿಕಾಳುಗಳಿಗೆ ಕಿಲೋಗೆ ಒಂದು ಚಮಚದಷ್ಟು ಹರಳೆಣ್ಣೆ ಸವರುವ ನಮ್ಮ ಹಿರಿಯರ ರೂಢಿ ಇಂದಿಗೂ ಉಪಯುಕ್ತ. ಬೇವಿನ ಎಲೆ ಸ್ವಲ್ಪ ನೆರವಾಗುತ್ತದೆ, ಆದರೆ ಒಣಗದ ಕಾಳನ್ನು ಅದೊಂದೇ ಕಾಯಲಾರದು.

ಒಂದು ಮಾತನ್ನು ಒತ್ತಿ ಹೇಳಬೇಕು. ಕಾಳಿನ ರಾಶಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ವಾಸದ ಮನೆಯಲ್ಲಿ ಯಾವ ಕಾರಣಕ್ಕೂ ಬಳಸಬಾರದು. ಗಾಳಿಯ ತೇವ ತಾಗಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಆ ಅನಿಲ ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಹರಿದು ಮಲಗಿದವರನ್ನು ಕೊಲ್ಲಬಲ್ಲದು, ಅದಕ್ಕೆ ಪ್ರತಿವಿಷವೂ ಇಲ್ಲ. ಸಾಮಾನ್ಯ ಜನರಿಗೆ ಅದರ ಮಾರಾಟವನ್ನು ನಿರ್ಬಂಧಿಸಿರುವುದು ಇದಕ್ಕಾಗಿಯೇ.

ಸಿಂಧನೂರು, ಮಾನ್ವಿ ಕಡೆಯ ಕಾಲುವೆ ಪ್ರದೇಶದಲ್ಲಿ ಭತ್ತದ ಕೊಯ್ಲು ಮುಗಿದಾಗ ಗದ್ದೆಯ ಇಲಿಗಳು ಊರಿನತ್ತ ತಿರುಗುತ್ತವೆ. ಪೆನ್ಸಿಲ್ ತೂರುವಷ್ಟು ಸಂದಿದ್ದರೂ ಸಣ್ಣ ಇಲಿ ಒಳಗೆ ಬರುತ್ತದೆ. ಬಾಗಿಲಿನ ಕೆಳಗೆ ತಗಡಿನ ಪಟ್ಟಿ, ಬಚ್ಚಲ ತೂಬಿಗೆ ಜಾಲರಿ, ಬಿಲಕ್ಕೆ ಗಾಜಿನ ಚೂರು ಬೆರೆಸಿದ ಸಿಮೆಂಟು ಹಾಕಿ. ಇಲಿ ಗೋಡೆಯಂಚಿನಲ್ಲೇ ಓಡುವುದರಿಂದ ಬೋನನ್ನೂ ಅಲ್ಲಿಯೇ ಇಡಬೇಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿಟ್ಟರೆ ಹಿಂದೆ ಏನು ನಡೆದಿದೆಯೆಂಬುದು ಕಾಣುತ್ತದೆ.

ನಲ್ಲಿ ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ತುಂಬಿಟ್ಟ ಡ್ರಮ್ಮುಗಳೂ ಬೇಸಿಗೆಯ ಕೂಲರುಗಳೂ ಡೆಂಗಿ ಹರಡುವ ಸೊಳ್ಳೆಗೆ ತವರಾಗುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ಆದ್ದರಿಂದ ವಾರಕ್ಕೊಮ್ಮೆ ಕೂಲರಿನ ನೀರನ್ನು ಪೂರ್ತಿ ಚೆಲ್ಲಿ, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ತಿಕ್ಕದಿದ್ದರೆ ಅಂಟಿಕೊಂಡ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿಯೂ ಸಾಯದೆ, ನೀರು ಬಿದ್ದೊಡನೆ ಒಡೆಯುತ್ತವೆ.

ಜಿರಳೆಗೆ ಅಂಗಡಿಯಲ್ಲಿ ಸಿಗುವ ಜೆಲ್ ಚುಕ್ಕೆಗಳು ಸಾಕು. ಅದೇ ಜಾಗಕ್ಕೆ ಸ್ಪ್ರೇ ಹೊಡೆದರೆ ಅವು ಜೆಲ್ಲನ್ನು ಮುಟ್ಟುವುದಿಲ್ಲ. ಜಿರಳೆ ಕಡಿಮೆಯಾದರೆ ಅದನ್ನು ತಿನ್ನಲು ಬರುವ ಚೇಳೂ ಕಡಿಮೆಯಾಗುತ್ತದೆ. ಗೋಡೆಗೆ ಒತ್ತಿ ಪೇರಿಸಿದ ಕಲ್ಲು, ಕುಳ್ಳು, ಕಟ್ಟಿಗೆಗಳನ್ನು ದೂರ ಸರಿಸಿ, ಮಂಚವನ್ನು ಗೋಡೆಯಿಂದ ಬಿಡಿಸಿಡಿ. ರಾತ್ರಿ ನೇರಳಾತೀತ ಬೆಳಕಿನ ಟಾರ್ಚ್ ಹಾಯಿಸಿದರೆ ಚೇಳಿನ ಮೈ ಹಸಿರಾಗಿ ಹೊಳೆದು ಎದ್ದು ಕಾಣುತ್ತದೆ. ಕೆಂಪು ಚೇಳಿನ ವಿಷ ಮಕ್ಕಳ ಹೃದಯಕ್ಕೆ ಅಪಾಯ ತರಬಲ್ಲದು. ಕಡಿದರೆ ನಾಟಿ ಮದ್ದು, ಮಂತ್ರಗಳಲ್ಲಿ ಹೊತ್ತು ಕಳೆಯದೆ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.