ಟೈಟನ್ ಮೇಲೊಂದು ಜಮಖಾನ: ಸೈಫೈ ಗೇಮ್‌ಗೆ ಪ್ರಾಣಿ ಹುಟ್ಟಿಸುವುದು ಹೇಗೆ?

ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕತೆ ಬೆಳೆಸುವ ಸೈಫೈ ರೋಲ್‌ಪ್ಲೇಯಿಂಗ್ ಗೇಮ್ ನಡೆಸುವವರಿಗೆ ಒಂದಲ್ಲ ಒಂದು ದಿನ ಸ್ವಂತ ಪ್ರಾಣಿ ಬೇಕಾಗುತ್ತದೆ. ಗೇಮ್‌ನ ನಿಯಮ ಪುಸ್ತಕದಲ್ಲಿರುವ ಪ್ರಾಣಿಗಳೆಲ್ಲ ಹಳೇ ಆಟಗಾರರಿಗೆ ಬಾಯಿಪಾಠ. ಆಗ ನಾವು ಮೊದಲು ಚಿತ್ರ ಬರೆಯಲು ಕೂರುತ್ತೇವೆ: ಆರು ಕಾಲು, ಮೂರು ಕಣ್ಣು, ಸುರಿಯುವ ಜೊಲ್ಲು. ನನ್ನ ಮೊದಲ ಪ್ರಾಣಿಯೂ ಹಾಗೇ ಇತ್ತು. ಆಟಗಾರರು ಎರಡೇ ಸುತ್ತಲ್ಲಿ ಗುಂಡು ಹೊಡೆದು ಮುಂದೆ ಹೋದರು. ಅದು ಅಲ್ಲಿ ಏನು ತಿಂದು ಬದುಕುತ್ತಿತ್ತು ಅಂತ ನಾನೇ ಯೋಚಿಸಿರಲಿಲ್ಲ.

ಊಟದಿಂದ ಶುರು ಮಾಡಿ. 1977ರಲ್ಲಿ ಬಂದ ಟ್ರಾವೆಲರ್ ಎಂಬ ಇಂಥದೇ ಗೇಮ್ ಇದನ್ನು ಆಗಲೇ ಹೇಳಿಕೊಟ್ಟಿತ್ತು. ಅಲ್ಲಿ ಪ್ರಾಣಿಗಳ ವಿಂಗಡಣೆ ರೂಪ ನೋಡಿ ಅಲ್ಲ, ಹೊಟ್ಟೆಪಾಡು ನೋಡಿ. ಮೇಯುವುದು ಗ್ರೇಜರ್, ಅಟ್ಟಿಸಿಕೊಂಡು ಹೋಗುವುದು ಚೇಸರ್, ಹೊಂಚು ಹಾಕಿ ಎರಗುವುದು ಪೌನ್ಸರ್, ಬಲೆ ಒಡ್ಡಿ ಕೂರುವುದು ಟ್ರ್ಯಾಪರ್, ಇನ್ನೊಬ್ಬರ ಬೇಟೆ ಕಿತ್ತುಕೊಳ್ಳುವುದು ಹೈಜಾಕರ್. ನಡವಳಿಕೆಯೂ ಅದರಿಂದಲೇ ಬರುತ್ತದೆ. ಪೌನ್ಸರ್ ನಿಮಗೆ ಗೊತ್ತಾಗದಂತೆ ಹತ್ತಿರ ಬಂದರೆ ಮಾತ್ರ ಎರಗುತ್ತದೆ. ನೀವೇ ಅದನ್ನು ಬೆಚ್ಚಿಬೀಳಿಸಿದರೆ ಓಡಿಹೋಗುತ್ತದೆ. ಎಷ್ಟು ಸಹಜ ಅಲ್ವಾ?

ಆಮೇಲೆ ಜಾಗ. ಸುಮ್ನೆ 'ಮರುಭೂಮಿ ಗ್ರಹ' ಅಂದರೆ ಸಾಲದು. ನಿಜವಾದ ಒಂದು ಲೋಕ ಹಿಡಿದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ನಾನು ಶನಿಯ ದೊಡ್ಡ ಚಂದ್ರ ಟೈಟನ್ ತೆಗೆದುಕೊಂಡೆ. ಅಲ್ಲಿ ಮೈನಸ್ 179 ಡಿಗ್ರಿ ಚಳಿ. ಗುರುತ್ವ ನಮ್ಮಲ್ಲಿಯ ಏಳನೇ ಒಂದು ಭಾಗ. ಗಾಳಿಯ ಒತ್ತಡ ಮಾತ್ರ ಇಲ್ಲಿಗಿಂತ ಒಂದೂವರೆ ಪಟ್ಟು ಜಾಸ್ತಿ. ಮಳೆ ಬರುವುದು ಮೀಥೇನ್‌ನದು. ನೀರು ಅಲ್ಲಿ ಕಲ್ಲಿನಂತೆ ಗಟ್ಟಿ.

ಈಗ ಒಂದಕ್ಕೊಂದು ಜೋಡಿಸುತ್ತಾ ಹೋಗಿ. ಅಷ್ಟು ಚಳಿಯಲ್ಲಿ ರಾಸಾಯನಿಕ ಕ್ರಿಯೆಗಳು ತೀರಾ ನಿಧಾನ, ಹಾಗಾಗಿ ಓಡುವ ಪ್ರಾಣಿ ನಂಬಲು ಕಷ್ಟ, ಅಂದರೆ ಚೇಸರ್ ಬೇಡ, ಕೂತಲ್ಲೇ ಕಾಯುವ ಟ್ರ್ಯಾಪರ್ ಸರಿ. ನಮ್ಮ ಹಿತ್ತಲಿನ ಮರಳಲ್ಲಿ ಆಲಿಕೆಯಂಥ ಗುಂಡಿ ತೋಡಿ ಇರುವೆಗೆ ಕಾಯುವ ಹುಳವನ್ನು ನೆನೆಸಿಕೊಳ್ಳಿ. ನನ್ನ ಪ್ರಾಣಿ ಮರಳ ದಿಬ್ಬದ ಕೆಳಗೆ ತೆಳ್ಳಗೆ ಹಾಸಿಕೊಂಡಿರುತ್ತದೆ. ಮೈತುಂಬ ಮೀಥೇನ್ ಹೀರಿಕೊಂಡಿರುತ್ತದೆ. ಪುಟ್ಟ ಜೀವಿ ಮೇಲೆ ಹತ್ತಿದರೆ ಗಂಟೆಗಟ್ಟಲೆ ತೆಗೆದುಕೊಂಡು ಮಡಚಿಕೊಳ್ಳುತ್ತದೆ.

ಇಷ್ಟು ನಿಧಾನದ್ದು ಆಟಗಾರರಿಗೆ ಏನು ಮಾಡೀತು? ಇಲ್ಲೇ ನನಗೆ ತುಂಬಾ ಖುಷಿ ಕೊಟ್ಟ ಸಂಗತಿ ಸಿಕ್ಕಿತು. 2005ರ ಜನವರಿಯಲ್ಲಿ ಹೈಗನ್ಸ್ ನೌಕೆ ಟೈಟನ್ ಮೇಲೆ ಇಳಿದಾಗ, ಅದರ ಬಿಸಿಗೇ ನೆಲದೊಳಗಿನ ಮೀಥೇನ್ ಆವಿಯಾಗಿ ಮೇಲೆ ಬಂತು. ಅಂದರೆ ಅಲ್ಲಿ ನಾವೇ ಕೆಂಡ. ಗಗನಯಾತ್ರಿಯ ಬೂಟು ಸೋಕಿದ ಕೂಡಲೇ ಈ ಪ್ರಾಣಿಯ ಮೈಯೊಳಗಿನ ಮೀಥೇನ್ ಕುದಿಯುತ್ತದೆ, ಹಂಚಿಗೆ ಹಾಕಿದ ಹಪ್ಪಳದಂತೆ ಅದು ಸೆಟೆದು ಮುರುಟಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಆಟಗಾರರಿಗೆ ಅದು ದಾಳಿ. ಪ್ರಾಣಿಗೆ ಸುಟ್ಟ ನೋವು.

ಆಟಕ್ಕೆ ಬೇಕಾದ ಅಂಕಿಗಳು ಇದಾದ ಮೇಲೆ, ನಾಲ್ಕೇ ಸಾಲು ಸಾಕು. ನಾನು ಬರೆದದ್ದು: ಓಟ ಸೊನ್ನೆ. ಬೂಟು ತಾಗಿದರೆ ಹಿಡಿತ. ಪ್ರತಿ ಸುತ್ತಿಗೆ ಗಗನಯಾತ್ರಿಯ ಸೂಟ್‌ಗೆ ಒಂದು ದಾಳದಲ್ಲಿ ಬಿದ್ದಷ್ಟು ಪೆಟ್ಟು. ಬಿಡಿಸಿಕೊಳ್ಳಲು ಎರಡು ದಾಳ ಹಾಕಿ 8 ಅಥವಾ ಮೇಲೆ ಬರಬೇಕು, ಬೂಟಿನ ಹೀಟರ್ ಆರಿಸಿದರೆ ದಾಳವೇ ಬೇಡ, ಆದರೆ ಪಾದ ಮರಗಟ್ಟಲು ಶುರು.

ಸುಳಿವು ಮಾತ್ರ ಮರೆಯಬೇಡಿ. ಪ್ರಾಣಿ ಕಾಣುವ ಮೊದಲೇ ಎರಡು ಮೂರು ಸಿಗಲಿ. ಒಂದು ಕಡೆ ಮಾತ್ರ ಅಲೆ ಇಲ್ಲದೆ ನುಣ್ಣಗಿರುವ ಮರಳು. ಹಿಂದಿನ ತಂಡದವರ ಒಂಟಿ ಬೂಟು, ಹೀಟರ್ ವೈರ್ ಅವರೇ ಕಿತ್ತಿರುವುದು. ಇದನ್ನು ಎತ್ತಿ ನೋಡಿದವರಿಗೆ ಮುಂದೆ ಜೀವ ಉಳಿಯುವ ದಾರಿ ಹೊಳೆಯುತ್ತದೆ.

ಹೆಸರು ಕೊನೆಗೆ ಇಡಿ. ಬಾಯಿ ತಿರುಗದ ಹೆಸರು ಯಾರಿಗೂ ನೆನಪಿರುವುದಿಲ್ಲ. ಅಲ್ಲಿ ದಿನಾ ಕೆಲಸ ಮಾಡುವವರು ಏನಂತ ಕರೆಯಬಹುದು ಅಂತ ಯೋಚಿಸಿ. ನಮ್ಮ ಗುಂಪಿನಲ್ಲಿ ಅದು ಜಮಖಾನ. ಈಗ ನುಣ್ಣಗಿನ ಮರಳು ಕಂಡರೆ ಸಾಕು, ಯಾರೋ ಒಬ್ಬರು 'ತಡೀರಿ, ಹೀಟರ್ ಆರಿಸಿ' ಅನ್ನುತ್ತಾರೆ.